ಡ್ರಮ್ಮಕ್ಕನ ಮೋಟಾರು, ನನ್ನ ಗಾಡಿ

ನಮ್ಮ ಓಣಿಯಲ್ಲಿ ಡ್ರಮ್ಮಕ್ಕನನ್ನು ಅರಿಯದವರಿಲ್ಲ. ಅವಳ ನಿಜವಾದ ಹೆಸರು ಬಲ್ಲವರು ಮಾತ್ರ ಇಬ್ಬರೋ ಮೂವರೋ. ನಾನು ಅವರಲ್ಲಿ ಒಬ್ಬಳು, ಆದರೆ ಹೇಳುವುದಿಲ್ಲ. ಆ ಹೆಸರು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ. ಹಳೇ ವಾಷಿಂಗ್ ಮಷೀನುಗಳ ಹೊಟ್ಟೆಯಿಂದ ತೆಗೆದ ಸ್ಟೀಲ್ ಡ್ರಮ್ಮುಗಳನ್ನು ಅಂಗಡಿಯ ಮುಂದೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾಳೆ, ಅದರಿಂದ ಬಂದ ಹೆಸರು. ಹೊಸಬರು ಹೆಸರು ಕೇಳಿ ದಪ್ಪ ಹೆಂಗಸೊಬ್ಬಳನ್ನು ಹುಡುಕಿಕೊಂಡು ಬರುತ್ತಾರೆ. ಅವಳೋ ಪೊರಕೆ ಕಡ್ಡಿ. ಐವತ್ತರ ಆಸುಪಾಸು, ಸೊಂಟದಲ್ಲಿ ಟೆಸ್ಟರು, ಕಿವಿಯ ಹಿಂದೆ ಪೆನ್ಸಿಲ್ಲು. ಬಡಪೆಟ್ಟಿಗೆ ಬಗ್ಗುವ ಜಾತಿಯಲ್ಲ.

ನನ್ನದು ಪಕ್ಕದ ಲಾಂಡ್ರಿ. ಮೂರು ಮಷೀನು, ಎರಡು ಇಸ್ತ್ರಿ ಮೇಜು, ಒಂದು ತಳ್ಳುಗಾಡಿ. ಅವಳ ಅಂಗಡಿಗೂ ನನ್ನ ಲಾಂಡ್ರಿಗೂ ನಡುವೆ ಒಂದೇ ಗೋಡೆ, ಅದೂ ತೆಳುವಾದ್ದು. ನಾನು ಬಟ್ಟೆ ಹಾಕಿ ಗುಂಡಿ ಒತ್ತಿ ಆ ಕಡೆ ತಿರುಗುವುದರೊಳಗೆ ಗೋಡೆಯ ಮೇಲೆ ಮೂರು ಸಲ ಟಕಟಕ ಎಂದು ಸದ್ದಾಗುತ್ತದೆ. ಮೂರನೇ ಮಷೀನು ನಿಲ್ಲಿಸಿ, ಬೇರಿಂಗ್ ಸವೆದಿದೆ ಎಂದು ಅರ್ಥ. ಒಂದು ಸಲ ಹಟಕ್ಕೆ ಬಿದ್ದು ನಿಲ್ಲಿಸದೆ ಬಿಟ್ಟೆ. ಸಂಜೆಯ ಹೊತ್ತಿಗೆ ಆ ಮಷೀನು ಮನೆ ಬಿಟ್ಟು ಹೊರಟವರ ಹಾಗೆ ಬಾಗಿಲ ತನಕ ನಡೆದುಕೊಂಡು ಬಂದಿತ್ತು. ಆಮೇಲೆ ನಾನು ಅವಳ ಟಕಟಕಕ್ಕೆ ಎದುರಾಡಿಲ್ಲ.

ಅವಳ ಕಿವಿಗೆ ಆ ವಿದ್ಯೆ ಬಂದದ್ದು ಒಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ. ಅಲ್ಲಿ ಹನ್ನೊಂದು ವರ್ಷ ಅವಳು ಫೋನು ಎತ್ತುವ ಕೆಲಸ ಮಾಡಿದಳು. ಮಷೀನು ಕೆಟ್ಟಿದೆ ಎಂದು ಯಾರಾದರೂ ಕರೆ ಮಾಡಿದರೆ ಬರೆದುಕೊಂಡು ಇಡಬೇಕು, ಅಷ್ಟೇ ಅವಳ ಪಾಲಿನ ಕೆಲಸ. ಇವಳು ಫೋನನ್ನು ಮಷೀನಿನ ಹತ್ತಿರ ಹಿಡಿಯಿರಿ ಎನ್ನುತ್ತಿದ್ದಳು. ಕೇಳಿಸಿಕೊಂಡು, ಬೆಲ್ಟು ಜಾರುತ್ತಿದೆ, ಪಂಪಿನಲ್ಲಿ ಕಾಸು ಸಿಕ್ಕಿಕೊಂಡಿದೆ, ಮೋಟಾರಿನ ಕಾರ್ಬನ್ ಸವೆದಿದೆ ಎಂದು ಚೀಟಿಯ ಮೇಲೆ ಬರೆದು ಮೆಕ್ಯಾನಿಕ್ಕಿನ ಕೈಗೆ ಕೊಡುತ್ತಿದ್ದಳು. ಆತ ಬೇಕಾದ ಭಾಗವನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಹತ್ತು ನಿಮಿಷದಲ್ಲಿ ಸರಿಮಾಡಿ ಭೇಷ್ ಎನ್ನಿಸಿಕೊಂಡು ಬರುತ್ತಿದ್ದ. ಹನ್ನೊಂದು ವರ್ಷದಲ್ಲಿ ಮೂವರು ಮೆಕ್ಯಾನಿಕ್ಕುಗಳಿಗೆ ಉತ್ತಮ ಕೆಲಸಗಾರ ಎಂಬ ಪ್ರಶಸ್ತಿ ಬಂತು. ಇವಳಿಗೆ ಹೊಸ ಕುರ್ಚಿ ಬಂತು.

ಒಂದು ದಿನ ಹೋಗಿ ಮ್ಯಾನೇಜರನ್ನು ಕೇಳಿದಳಂತೆ, ನನ್ನನ್ನೂ ಮೆಕ್ಯಾನಿಕ್ ಮಾಡಿ ಎಂದು. ನೋಡೋಣ ಎಂದನಂತೆ. ವಾರದ ಮೇಲೆ ಕರೆದು, ಹೆಂಗಸರಿಗೆ ಮಷೀನು ಎತ್ತಿ ಇಳಿಸುವುದು ಆಗುವುದಿಲ್ಲ, ತಣ್ಣಗೆ ಕುರ್ಚಿಯಲ್ಲಿ ಕೂತಿರಿ ಎಂದನಂತೆ. ಅವಳು ಆ ತಿಂಗಳ ಕೊನೆಗೆ ಕುರ್ಚಿಯಿಂದ ಎದ್ದವಳು ಮತ್ತೆ ಕೂರಲಿಲ್ಲ. ಇವತ್ತಿಗೂ ಅವಳ ಅಂಗಡಿಯಲ್ಲಿ ಕುರ್ಚಿ ಇಲ್ಲ. ಗಿರಾಕಿಗಳು ಬೇಕಿದ್ದರೆ ಡ್ರಮ್ಮಿನ ಮೇಲೆ ಕೂರಬಹುದು.

ಅಂಗಡಿಯ ಒಳಗೆ ಹೋದರೆ ಬಲಗಡೆಯ ಗೋಡೆಗೆ ನೆಲದಿಂದ ಮಾಡಿನ ತನಕ ಹಲಗೆ ಹೊಡೆದಿದ್ದಾಳೆ. ಹಲಗೆಗಳ ತುಂಬಾ ಮೋಟಾರುಗಳು. ನಾನು ಒಮ್ಮೆ ಎಣಿಸಿದಾಗ ನಲವತ್ತೆರಡು ಇದ್ದವು. ಒಂದೊಂದರ ಕುತ್ತಿಗೆಗೂ ಒಂದು ರಟ್ಟಿನ ಚೀಟಿ ಕಟ್ಟಿರುತ್ತದೆ. ಯಾರ ಮನೆಯದು, ಎಷ್ಟು ವರ್ಷ ದುಡಿಯಿತು, ಏನು ಕಾಯಿಲೆ. ವಾಷಿಂಗ್ ಮಷೀನು ಸಾಯುವುದು ತುಕ್ಕು ಹಿಡಿದು, ಇಲ್ಲವೇ ಬೋರ್ಡು ಸುಟ್ಟು. ಮೋಟಾರು ಮಾತ್ರ ಗಟ್ಟಿಮುಟ್ಟಾಗಿ ಒಳಗೆ ಕೂತಿರುತ್ತದೆ. ಗುಜರಿಯವನು ಅದನ್ನು ತಾಮ್ರದ ಆಸೆಗೆ ಸುತ್ತಿಗೆಯಿಂದ ಒಡೆಯುತ್ತಾನೆ. ಡ್ರಮ್ಮಕ್ಕನಿಗೆ ಜಗತ್ತಿನಲ್ಲಿ ಯಾರ ಮೇಲಾದರೂ ಸಿಟ್ಟಿದ್ದರೆ ಆ ಸುತ್ತಿಗೆಯ ಮೇಲೆ. ದುಡಿಯುವ ಜೀವವನ್ನು ಹೀಗೆ ಒಡೆಯುವವರಿಗೆ ಒಳ್ಳೆಯದಾಗುವುದಿಲ್ಲ ಎಂದು ಗುಜರಿಯವನ ಮುಖಕ್ಕೇ ಹೇಳುತ್ತಾಳೆ. ಅವನು ನಗುತ್ತಾನೆ, ಮೋಟಾರು ಕೊಟ್ಟು ಹೋಗುತ್ತಾನೆ.

ಮೊದಮೊದಲು ಅವಳಿಗೂ ಎಡವಟ್ಟಾಗಿದೆ. ಮೊದಲ ಮೋಟಾರನ್ನು ಬೆಲ್ಟಿಲ್ಲದೆ, ಹೊರೆಯಿಲ್ಲದೆ, ಬರಿದೇ ಮೇಜಿನ ಮೇಲಿಟ್ಟು ನೇರವಾಗಿ ಕರೆಂಟು ಕೊಟ್ಟುಬಿಟ್ಟಳು. ಆ ಜಾತಿಯ ಮೋಟಾರಿಗೆ ಎಳೆಯಲು ಏನೂ ಇಲ್ಲದಿದ್ದರೆ ವೇಗ ಏರುತ್ತಲೇ ಹೋಗುತ್ತದೆಯಂತೆ. ಅದು ಕಿರುಚಿಕೊಂಡು, ಮೇಜಿನಿಂದ ಹಾರಿ, ಗಾಜಿನ ಬೀರುವಿನೊಳಗೆ ಹೊಕ್ಕಿತು. ನಾನು ಗೋಡೆಯ ಈಚೆಯಿಂದ ಓಡಿ ಹೋದಾಗ ಅವಳು ಗಾಜಿನ ನಡುವೆ ನಿಂತು ನಗುತ್ತಿದ್ದಳು. ಹೊರೆ ಇದ್ದರೇನೇ ಇದು ಹದದಲ್ಲಿರುತ್ತೆ ಅಕ್ಕ, ನನ್ನ ಹಾಗೆ ಎಂದಳು. ನಾನು ಪೊರಕೆ ತಂದು ಗಾಜು ಗುಡಿಸಿದೆ, ಬೈದದ್ದೂ ಬೈದೆ.

ಆಮೇಲೆ ಒಂದರ ಹಿಂದೆ ಒಂದು ಮೋಟಾರು ಹಲಗೆ ಬಿಟ್ಟು ಹೊರಟವು. ಚಾಕು ಸಾಣೆ ಹಿಡಿಯುವವನ ಕಾಲು ಊದಿಕೊಂಡು ಪೆಡಲು ತುಳಿಯಲಾಗದೆ ಹೋದಾಗ ಅವನ ಸಾಣೆಕಲ್ಲಿಗೆ ಒಂದು ಮೋಟಾರು ಕೂರಿಸಿದಳು. ಬಡಗಿಯ ಮರ ಕಡೆಯುವ ಲೇತ್ ಯಂತ್ರಕ್ಕೆ ಒಂದು. ಬೇಕರಿಯವಳ ಹಿಟ್ಟು ನಾದುವ ಪಾತ್ರೆಗೆ ಒಂದು. ಓಣಿಯ ಬಾಯಿಗಳು ಸುಮ್ಮನಿರುತ್ತವೆಯೇ? ಬಟ್ಟೆ ಒಗೆಯುವ ಮಷೀನಿನಿಂದ ಬ್ರೆಡ್ಡು ಮಾಡುತ್ತಾರಂತೆ, ಸೋಪಿನ ನೊರೆ ಬರುತ್ತದಂತೆ ಎಂದು ಆಡಿಕೊಂಡರು. ಆಡಿಕೊಂಡವರೆಲ್ಲ ಬೆಳಿಗ್ಗೆ ಅದೇ ಬೇಕರಿಯ ಮುಂದೆ ಸಾಲು ನಿಂತದ್ದನ್ನು ನಾನೇ ನೋಡಿದ್ದೇನೆ.

ಈಗ ನನ್ನ ಕಥೆಗೆ ಬರುತ್ತೇನೆ, ಏಕೆಂದರೆ ಡ್ರಮ್ಮಕ್ಕ ಎಂಥವಳೆಂದು ನನಗೆ ನಿಜವಾಗಿ ಗೊತ್ತಾದದ್ದು ನನ್ನ ಮಂಡಿ ಕೈಕೊಟ್ಟಾಗ.

ಓಣಿಯ ತುದಿಯಿಂದ ಏರುರಸ್ತೆ ಶುರುವಾಗುತ್ತದೆ. ಏರಿನ ನೆತ್ತಿಯಲ್ಲಿ ಆಸ್ಪತ್ರೆ. ಆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಬೆಳಿಗ್ಗೆ ಏಳರೊಳಗೆ ಮುಟ್ಟಿಸುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ. ದಿನಕ್ಕೆ ಎಪ್ಪತ್ತು ಎಂಬತ್ತು ಹಾಸು, ಅಷ್ಟೇ ದಿಂಬಿನ ಚೀಲ, ಮೇಲೆ ಕಂಬಳಿ. ಗಾಡಿ ತುಂಬಿದರೆ ಅದರಾಚೆಗೆ ರಸ್ತೆ ಕಾಣುವುದಿಲ್ಲ. ಐವತ್ತೆಂಟು ದಾಟುವ ತನಕ ನಾನೊಬ್ಬಳೇ ತಳ್ಳಿಕೊಂಡು ಹೋಗುತ್ತಿದ್ದೆ. ಆಮೇಲೆ ಬಲಮಂಡಿ ಮುನಿಸಿಕೊಂಡಿತು. ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲಬೇಕು. ಏಳಕ್ಕೆ ಮುಟ್ಟಬೇಕಾದ ಬಟ್ಟೆ ಏಳೂಕಾಲಕ್ಕೆ, ಏಳೂವರೆಗೆ ಮುಟ್ಟತೊಡಗಿತು. ಹೆಡ್ ನರ್ಸು ಒಳ್ಳೆಯ ಹೆಂಗಸು, ನಾಲ್ಕು ಸಲ ಸಹಿಸಿಕೊಂಡಳು. ಐದನೇ ಸಲ, ಇನ್ನು ಈ ತಿಂಗಳು ಹೀಗೇ ಆದರೆ ವ್ಯಾನು ಇರುವ ಬೇರೆ ಲಾಂಡ್ರಿಗೆ ಕೊಡುತ್ತಾರಂತೆ, ಮೇಲಿನವರು ಹೇಳಿದ್ದಾರೆ ಎಂದು ನೆಲ ನೋಡಿಕೊಂಡು ಹೇಳಿದಳು.

ಮನೆಯಲ್ಲಿ ಮಗನಿಗೆ ಹೇಳಿದೆ. ನನಗಿರುವವನು ಅವನೊಬ್ಬನೇ. ಅದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವನಿಗೆ ಎರಡು ವರ್ಷದ ಹಿಂದೆ ಕೆಲಸ ಸಿಕ್ಕಿತ್ತು. ಕೇಳಿದವನ ಮುಖದಲ್ಲಿ ಬೇಸರದ ಬದಲು ನಿರಾಳ ಕಂಡಿತು. ಒಳ್ಳೆಯದೇ ಆಯಿತು, ಇನ್ನು ಮನೆಯಲ್ಲಿ ಕೂತಿರು, ನಾನು ನೋಡಿಕೊಳ್ಳುತ್ತೇನೆ ಎಂದ. ನನ್ನನ್ನು ನೋಡಿಕೊಳ್ಳಲು ನಾನೇನು ಒಲೆಯ ಮೇಲಿಟ್ಟ ಹಾಲೇ? ಮೈಯೆಲ್ಲ ಉರಿಯಿತು. ಹತ್ತೊಂಬತ್ತು ವರ್ಷ ಆ ಏರನ್ನು ಹತ್ತಿದ್ದೇನೆ. ಯಾರದೋ ಹಾಸಿಗೆಯ ಮೇಲೆ ನಾನು ಮಡಿಸಿದ ಹಾಸು ಸುಕ್ಕಿಲ್ಲದೆ ಹರಡಿಕೊಂಡಿರುತ್ತದೆ ಎನ್ನುವುದೇ ನನ್ನ ದಿನದ ಮೊದಲ ಸಮಾಧಾನ. ಅದನ್ನು ಬಿಟ್ಟು ಕೂತರೆ ನಾನು ಯಾರು? ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಲಾಂಡ್ರಿಗೆ ಬಂದು ಇಸ್ತ್ರಿ ಪೆಟ್ಟಿಗೆಯೊಂದಿಗೆ ಗಟ್ಟಿಯಾಗಿ ಹೇಳಿಕೊಂಡೆ.

ಗೋಡೆ ತೆಳು ಎಂದು ಆಗಲೇ ಹೇಳಿದೆನಲ್ಲ. ಅರ್ಧ ಗಂಟೆಯಲ್ಲಿ ಡ್ರಮ್ಮಕ್ಕ ಟೇಪು ಹಿಡಿದು ಬಂದಳು. ನನ್ನ ತಳ್ಳುಗಾಡಿಯ ಚಕ್ರ ಅಳೆದಳು, ಅಚ್ಚು ಅಳೆದಳು, ಕೆಳಗೆ ನುಸುಳಿ ಮಲಗಿ ಏನೋ ನೋಡಿದಳು. ಎದ್ದು ಸೀರೆಯ ಧೂಳು ಕೊಡವಿ, ನಿಮ್ಮ ಮೊದಲನೇ ಮಷೀನಿನ ಮೋಟಾರು ನನ್ನ ಹಲಗೆಯ ಮೇಲಿದೆ, ಹದಿನಾಲ್ಕು ವರ್ಷ ನಿಮಗೇ ದುಡಿದದ್ದು, ಇನ್ನಷ್ಟು ದುಡಿಯಲಿ ಎಂದಳು.

ಹತ್ತು ದಿನ ಬಡಿದಳು. ಅಷ್ಟು ದಿನ ನಾನು ಬಾಡಿಗೆ ಆಟೋದಲ್ಲಿ ಬಟ್ಟೆ ಮುಟ್ಟಿಸಿದೆ, ದುಡಿದದ್ದೆಲ್ಲ ಅದಕ್ಕೇ ಹೋಯಿತು. ಗಾಡಿಯ ಹೊಟ್ಟೆಗೆ ಮೋಟಾರು, ಮೋಟಾರಿನಿಂದ ಬೆಲ್ಟು, ಬೆಲ್ಟಿನಿಂದ ಡ್ರಮ್ಮಿನ ದೊಡ್ಡ ಚಕ್ರ, ಅಲ್ಲಿಂದ ಸೈಕಲ್ ಚೈನಿನ ಮೂಲಕ ಗಾಡಿಯ ಹಿಂದಿನ ಅಚ್ಚು. ಕರೆಂಟಿಗೆ ಯಾರೋ ಬಿಸಾಡಿದ ಇನ್ವರ್ಟರು, ಒಂದು ಬ್ಯಾಟರಿ. ಹಿಡಿಕೆಗೆ ಸೈಕಲ್ಲಿನ ಬ್ರೇಕು. ಇದನ್ನೆಲ್ಲ ನಡೆಸುವ ಬುದ್ಧಿಗೆ ಬೇರೆ ಎಲ್ಲಿಗೂ ಹೋಗಲಿಲ್ಲ, ವಾಷಿಂಗ್ ಮಷೀನಿನದೇ ಬೋರ್ಡು. ಅವಳಿಗೆ ಅದರ ನರನಾಡಿ ಗೊತ್ತಿತ್ತು, ಹಾಗಾಗಿ ಅದನ್ನೇ ಹಾಕಿದಳು. ಎಡವಟ್ಟಾದದ್ದೂ ಅಲ್ಲಿಯೇ.

ಮೊದಲ ಪರೀಕ್ಷೆಗೆ ಓಣಿಯೆಲ್ಲ ಸೇರಿತ್ತು. ಗುಂಡಿ ಒತ್ತಿದಳು. ಗಾಡಿ ಅಲುಗಲಿಲ್ಲ. ಅರೆ, ನೀರು ಬೇಕಲ್ಲ ಇದಕ್ಕೆ ಎಂದು ಹಣೆ ಚಚ್ಚಿಕೊಂಡಳು. ನೀರು ತುಂಬಿದೆ ಎಂದು ಗೊತ್ತಾಗುವ ತನಕ ಆ ಬೋರ್ಡು ಮೋಟಾರನ್ನು ತಿರುಗಲು ಬಿಡುವುದಿಲ್ಲ. ಅದಕ್ಕೆ ನೀರಿನ ಸುದ್ದಿ ಮುಟ್ಟಿಸುವುದು ಬೆರಳು ದಪ್ಪದ ಒಂದು ರಬ್ಬರ್ ಕೊಳವೆ; ನೀರು ಏರಿದ ಹಾಗೆ ಕೊಳವೆಯೊಳಗಿನ ಗಾಳಿ ಒತ್ತುತ್ತದೆ. ಡ್ರಮ್ಮಕ್ಕ ಕೊಳವೆಯನ್ನು ಬಾಯಿಗಿಟ್ಟು ಹದವಾಗಿ ಊದಿ, ತುದಿಯನ್ನು ಮಡಿಸಿ, ನನ್ನ ಹಗ್ಗದ ಮೇಲಿದ್ದ ಬಟ್ಟೆ ಕ್ಲಿಪ್ಪನ್ನು ಕಿತ್ತು ಸಿಕ್ಕಿಸಿದಳು. ಒಳಗೆ ಟಿಕ್ ಎಂದಿತು. ಬೋರ್ಡು ಮೋಸಹೋಯಿತು. ಗಾಡಿ ಗುರ್ರೆಂದು ಮುಂದಕ್ಕೆ ಹೊರಟಿತು, ಜನ ಚಪ್ಪಾಳೆ ತಟ್ಟಿದರು. ಹನ್ನೆರಡು ಸೆಕೆಂಡು ನಡೆಯಿತು. ನಿಂತಿತು. ಆಮೇಲೆ ಹನ್ನೆರಡು ಸೆಕೆಂಡು ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ಬಟ್ಟೆ ಒಗೆಯುವಾಗ ಡ್ರಮ್ಮು ಆ ಕಡೆ ಈ ಕಡೆ ತಿರುಗುತ್ತದಲ್ಲ, ಥೇಟು ಹಾಗೆ. ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಗಾಡಿಯ ಜೊತೆ ಹಿಂದೆ ಮುಂದೆ ಕುಣಿದರು. ನನಗೂ ನಗು ಬಂತು, ನಗುತ್ತಲೇ ದಿನ ಎಣಿಸಿದೆ. ತಿಂಗಳು ಮುಗಿಯಲು ಎಂಟೇ ದಿನ ಉಳಿದಿತ್ತು.

ಡ್ರಮ್ಮಕ್ಕ ನಗುವವರ ಕಡೆ ನೋಡಲೇ ಇಲ್ಲ. ಗಾಡಿಯ ಕೆಳಗೆ ಮಲಗಿ ಎರಡು ವೈರು ಬದಲಾಯಿಸಿದಳು. ಬೋರ್ಡು ಹಿಂದಕ್ಕೆ ತಿರುಗು ಎಂದರೂ ಮೋಟಾರು ಮುಂದಕ್ಕೇ ತಿರುಗುವ ಹಾಗೆ ಮಾಡಿದಳು. ಹನ್ನೆರಡು ಸೆಕೆಂಡು ನಡಿಗೆ, ನಾಲ್ಕು ಸೆಕೆಂಡು ನಿಲುಗಡೆ, ಮತ್ತೆ ಹನ್ನೆರಡು ಸೆಕೆಂಡು ಮುಂದಕ್ಕೆ. ಬಡಗಿಯ ಅಳಿಯ ಇಂಜಿನಿಯರಿಂಗ್ ಓದಿದವನು, ಅಲ್ಲೇ ನಿಂತಿದ್ದ. ಈ ನಿಲ್ಲುವ ಕಾಟವೇಕೆ, ಈ ಬೋರ್ಡು ಎಸೆದು ಸರಿಯಾದ ಕಂಟ್ರೋಲರು ಹಾಕಿದರೆ ಒಂದೇ ಸಮನೆ ಹೋಗುತ್ತದೆ ಎಂದ. ಡ್ರಮ್ಮಕ್ಕ ಅವನಿಗೆ ನನ್ನ ಮಂಡಿ ತೋರಿಸಿದಳು. ಗಾಡಿ ಒಂದೇ ಸಮನೆ ಹೋಗುತ್ತೆ ಸರಿ, ಇವರು ಹೋಗ್ತಾರಾ ಎಂದು ಕೇಳಿದಳು. ಆಗ ನನಗೆ ಗೊತ್ತಾಯಿತು, ಆ ನಾಲ್ಕು ಸೆಕೆಂಡನ್ನು ಅವಳು ಬೇಕೆಂದೇ ಉಳಿಸಿದ್ದಳು. ಹನ್ನೆರಡು ಸೆಕೆಂಡು ನಾನು ಗಾಡಿಯ ಹಿಂದೆ ನಡೆಯುತ್ತೇನೆ. ನಾಲ್ಕು ಸೆಕೆಂಡು ಬ್ರೇಕು ಹಿಡಿದು ಕಾಲಿಗೆ ಬಿಡುವು ಕೊಡುತ್ತೇನೆ. ಯಾವ ಡಾಕ್ಟರೂ ನನ್ನ ಮಂಡಿಯನ್ನು ಇಷ್ಟು ಸರಿಯಾಗಿ ಅಳೆದಿರಲಿಲ್ಲ.

ಮರುದಿನ ಕೊಳವೆಗೆ ಊದಿ ಕ್ಲಿಪ್ಪು ಹಾಕಿ ಆರು ಇಪ್ಪತ್ತಕ್ಕೆ ಹೊರಟೆ, ಏಳಕ್ಕೆ ಹತ್ತು ನಿಮಿಷ ಇರುವಾಗ ನೆತ್ತಿ ಮುಟ್ಟಿದೆ. ಹೆಡ್ ನರ್ಸು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಅದರ ಮರುದಿನವೂ ಹಾಗೇ, ಮೂರನೇ ದಿನವೂ ಹಾಗೇ. ಮೋಟಾರಿಗೆ ಒಂದು ಸದ್ದಿತ್ತು. ಮಷೀನು ಬಟ್ಟೆ ಒಗೆಯುವಾಗ ಬರುವಂಥದ್ದೇ, ಆದರೆ ಬಯಲಿನಲ್ಲಿ ಇನ್ನೂ ಜೋರು. ಏರಿನ ಎರಡೂ ಬದಿಯ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ನಾನು ತಲೆ ಎತ್ತಿಕೊಂಡೇ ಹೋದೆ. ಮಗ ಬೆಳಗಿನ ಪಾಳಿಗೆ ಸ್ಕೂಟರಿನಲ್ಲಿ ಪಕ್ಕದಿಂದಲೇ ಹೋಗುತ್ತಿದ್ದ, ನನ್ನ ಕಡೆ ತಿರುಗುತ್ತಿರಲಿಲ್ಲ. ಟ್ರಾಫಿಕ್ಕು ನೋಡಿಕೊಂಡು ಹೋಗಬೇಕಲ್ಲ ಎಂದುಕೊಂಡೆ. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಟ್ರಾಫಿಕ್ಕು ಎಂದರೆ ನಾನು ಮತ್ತು ಒಂದು ನಾಯಿ.

ಐದನೇ ದಿನ ಮಗ ಎಂದಿಗಿಂತ ಮುಂಚೆಯೇ ಹೊರಟುಹೋಗಿದ್ದ. ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತು. ನಾಲ್ಕು ಸೆಕೆಂಡು ಎಣಿಸಿದೆ, ಎಂಟು ಎಣಿಸಿದೆ, ಅದು ಹೊರಡಲಿಲ್ಲ. ಏರಿನ ಅತಿ ಕಡಿದಾದ ಜಾಗ. ಬ್ರೇಕು ಬಿಟ್ಟರೆ ಎಂಬತ್ತು ಹಾಸು, ಬ್ಯಾಟರಿ, ಕಬ್ಬಿಣ ಎಲ್ಲ ನನ್ನ ಮೈಮೇಲೆ ಬರುತ್ತದೆ. ಕೊಳವೆಗೆ ಮತ್ತೆ ಊದೋಣವೆಂದರೆ ಅದಿರುವುದು ಗಾಡಿಯ ಮುಂಭಾಗದಲ್ಲಿ, ಬ್ರೇಕಿರುವುದು ಹಿಂಭಾಗದಲ್ಲಿ. ಎರಡೂ ಕೈಯಿಂದ ಬ್ರೇಕು ಹಿಡಿದು, ಹೆಗಲು ಕೊಟ್ಟು, ಕೆಟ್ಟ ಮಂಡಿಯನ್ನೇ ನೆಲಕ್ಕೆ ಊರಿ ನಿಂತೆ. ಎಷ್ಟು ಹೊತ್ತೋ ತಿಳಿಯದು. ಬೆರಳು ಮರಗಟ್ಟಿದವು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಂಗಸು ಓಡಿ ಬಂದು ರಸ್ತೆ ಬದಿಯ ಕಲ್ಲೊಂದನ್ನು ಎತ್ತಿ ಚಕ್ರದ ಹಿಂದೆ ಇಟ್ಟಳು. ನಾನು ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟೆ. ಆ ದಿನ ಬಟ್ಟೆ ಮುಟ್ಟಿದ್ದು ಎಂಟು ಗಂಟೆಗೆ, ಇಬ್ಬರು ವಾರ್ಡ್‌ಬಾಯ್‌ಗಳು ಬಂದು ತಳ್ಳಿದ ಮೇಲೆ. ಹೆಡ್ ನರ್ಸು ಬಟ್ಟೆ ಎಣಿಸಿಕೊಂಡಳು. ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲಿಲ್ಲ ಎನ್ನುವುದು ಅವಳ ಮುಖದಲ್ಲೇ ಬರೆದಿತ್ತು.

ಡ್ರಮ್ಮಕ್ಕ ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಕೊಳವೆಗೆ ಊದಿದಳು. ಟಿಕ್ ಎಂದಿತು, ಗಾಡಿ ಅಲುಗಿತು. ಕಾದಳು. ಐದಾರು ನಿಮಿಷದ ಮೇಲೆ ತಾನಾಗಿ ನಿಂತಿತು. ಕೊಳವೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಬಗ್ಗಿಸಿದಳು. ಅಡಿಯ ಬದಿಯಲ್ಲಿ ಕೂದಲೆಳೆಯಂಥ ಒಂದು ಸೀಳು, ನೇರವಾಗಿ, ಗೆರೆ ಎಳೆದ ಹಾಗೆ. ಅಲ್ಲಿಂದ ಗಾಳಿ ನಿಧಾನಕ್ಕೆ ಸೋರಿ, ನೀರು ಖಾಲಿಯಾಯಿತೆಂದು ಬೋರ್ಡು ಮೋಟಾರು ನಿಲ್ಲಿಸಿತ್ತು. ಅವಳು ಸೀಳಿನ ಉದ್ದಕ್ಕೂ ಉಗುರು ಎಳೆದು ನೋಡಿದಳು.

"ಇಲಿ ಕಡಿದಿರಬೇಕು," ಎಂದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ರಾತ್ರಿ ಗಾಡಿ ನಿಲ್ಲುವುದು ನಮ್ಮ ಮನೆಯ ಒಳಾಂಗಳದಲ್ಲಿ. ಆ ಬಾಗಿಲಿನ ಬೀಗದ ಕೈ ಇರುವುದು ಇಬ್ಬರ ಹತ್ತಿರ.

"ಇಲಿ ಅಲ್ಲ, ಹೆಗ್ಗಣ," ಎಂದೆ. "ನಾನೇ ಹೆತ್ತದ್ದು."

ಅವಳು ನಗಲಿಲ್ಲ. ನಾನೂ ನಗಲಿಲ್ಲ. ನನಗೆ ಅಳು ಬಂತು, ಅಳುವಿನ ಹಿಂದೆಯೇ ಅವನನ್ನು ಕಾಪಾಡುವ ಆಸೆಯೂ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ? ಯಾರಿಗೂ ಹೇಳಬೇಡ, ಕೊಳವೆ ಹಳೆಯದಾಗಿತ್ತು ಎಂದುಬಿಡೋಣ, ನಾನೂ ಅವನನ್ನು ಕೇಳುವುದಿಲ್ಲ ಎಂದೆ. ಡ್ರಮ್ಮಕ್ಕ ಒಂದು ಡ್ರಮ್ಮನ್ನು ಎಳೆದು ನನ್ನನ್ನು ಕೂರಿಸಿ, ತಾನು ನಿಂತೇ ಮಾತಾಡಿದಳು. ಹದಿನೈದು ವರ್ಷದ ನೆರೆಯಲ್ಲಿ ಅವಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ.

"ನಾನು ಮೆಕ್ಯಾನಿಕ್ ಕೆಲಸ ಕೇಳಿದ ವಾರ ಮ್ಯಾನೇಜರಿಗೆ ಒಂದು ಫೋನು ಬಂತು ಅಕ್ಕ. ಎತ್ತಿದ್ದು ನಾನೇ. ಮೂಗಲ್ಲಿ ಮಾತಾಡಿ ದನಿ ಬದಲಾಯಿಸಿದ್ರು. ಸವೆದ ಬೇರಿಂಗು ಕಂಡುಹಿಡಿಯೋಳಿಗೆ ಗಂಡನ ದನಿ ಗೊತ್ತಾಗಲ್ವಾ? ಲೈನು ಕೊಟ್ಟೆ, ಫೋನು ಇಡಲಿಲ್ಲ. ನಮ್ಮನೆಯವಳನ್ನ ಹೊರಗಿನ ಕೆಲಸಕ್ಕೆ ಹಾಕಬೇಡಿ ಸಾರ್, ಜನ ಏನಂದ್ಕೋತಾರೆ ಅಂದ್ರು."

ಅವಳ ಗಂಡನನ್ನು ನಾನು ದಿನಾ ನೋಡುತ್ತೇನೆ. ಬಸ್ ಡಿಪೋದಲ್ಲಿ ಬೆಳಗಿನ ಪಾಳಿ ಮುಗಿಸಿ, ಮನೆಗೆ ಹೋಗಿ ತಾನೇ ಅಡುಗೆ ಮಾಡಿ, ಒಂದು ಗಂಟೆಗೆ ಸರಿಯಾಗಿ ಅವಳಿಗೆ ಡಬ್ಬಿ ತರುವ ಸಾಧು ಮನುಷ್ಯ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಾನೇ ಹತ್ತು ಸಲ ಹೇಳಿದ್ದೇನೆ.

"ಅವತ್ತು ಸಂಜೆ ಊಟಕ್ಕೆ ಕೂತಾಗ ಕೇಳಿಸಿಕೊಂಡಿದ್ದನ್ನೆಲ್ಲ ಒಂದಕ್ಷರ ಬಿಡದೆ ಅವರ ಮುಂದೆ ಒಪ್ಪಿಸ್ದೆ. ಒಂದು ತಿಂಗಳು ಮಾತಿಲ್ಲ ಕತೆಯಿಲ್ಲ. ಅಂಗಡಿ ತೆಗೆದ ದಿನ ತಾವಾಗೇ ಡಬ್ಬಿ ತಂದ್ರು. ಮುಚ್ಚಿಟ್ಟಿದ್ರೆ ಇವತ್ತಿಗೂ ಆ ಮನುಷ್ಯನ ಮುಖ ನೋಡಿದಾಗೆಲ್ಲ ಒಳಗೇ ಕುದೀತಿದ್ದೆ. ಕೊಳವೆ ನಾನು ಹೊಸದು ಹಾಕ್ತೀನಿ. ಅದು ನನ್ನ ಕೆಲಸ. ಮಿಕ್ಕಿದ್ದು ನಿಮ್ಮದು."

ಸೀಳಿದ್ದ ಕೊಳವೆಯ ತುಂಡನ್ನು ನನ್ನ ಕೈಗಿಟ್ಟು ಅವಳು ಗಾಡಿಯ ಕೆಳಗೆ ನುಸುಳಿದಳು.

ಸಂಜೆ ಮಗ ಊಟಕ್ಕೆ ಕೂತ. ಬಡಿಸಿದ ಮೇಲೆ ಆ ತುಂಡನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇದೇನು ಎಂದು ಕೂಡ ಕೇಳಲಿಲ್ಲ. ತುತ್ತು ಕೈಯಲ್ಲೇ ಉಳಿಯಿತು. ನಿನ್ನ ಮಂಡಿ ನೋಡಲಾಗದೆ ಮಾಡಿದೆ ಎಂದ. ನಾನು ಕೊಳವೆಯ ತುಂಡನ್ನು ಅವನ ಕಡೆಗೆ ಇನ್ನಷ್ಟು ಸರಿಸಿದೆ. ಆಗ ನಿಜ ಹೊರಬಂತು. ದಾಖಲೆ ವಿಭಾಗದ ಕಿಟಕಿ ಏರಿನ ಕಡೆಗೇ ಇದೆಯಂತೆ. ದೂರದಲ್ಲಿ ಮೋಟಾರಿನ ಸದ್ದು ಕೇಳಿದ ಕೂಡಲೇ ಜೊತೆಯವರೆಲ್ಲ ಕಿಟಕಿಗೆ ಬರುತ್ತಾರಂತೆ, ಬಂತಪ್ಪಾ ಬಟ್ಟೆ ಒಗೆಯೋ ಮಷೀನು ಬೆಟ್ಟ ಹತ್ತಿಕೊಂಡು ಎಂದು ನಗುತ್ತಾರಂತೆ. ಅದು ತನ್ನ ತಾಯಿ ಎಂದು ಅವರಲ್ಲಿ ಯಾರಿಗೂ ಇವನು ಹೇಳಿಲ್ಲವಂತೆ.

ಕೊನೆಯ ಮಾತು ಎಲ್ಲಕ್ಕಿಂತ ಆಳಕ್ಕೆ ಇರಿಯಿತು. ಗಾಡಿ ಎಲ್ಲಿ ನಿಂತಿತು, ಹೇಗೆ ನಿಂತಿತು, ನಾನು ಎಷ್ಟು ಹೊತ್ತು ಹೆಗಲು ಕೊಟ್ಟಿದ್ದೆ ಎಂದು ಮೆಲ್ಲಗೆ ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ಮನೆಯಿಂದ ಹೊರಡೋದೇ ಇಲ್ಲ ಅಂದ್ಕೊಂಡಿದ್ದೆ ಅಮ್ಮ. ನಡುದಾರೀಲಿ ನಿಲ್ಲುತ್ತೆ ಅಂತ ಗೊತ್ತಿರಲಿಲ್ಲ."

ಅದು ಸುಳ್ಳಲ್ಲ, ನನಗೆ ಗೊತ್ತು. ಅವನು ಕೆಟ್ಟವನಲ್ಲ. ಆದರೆ ಕೆಟ್ಟವರಲ್ಲದವರೇ ಅಲ್ಲವೇ ನಮ್ಮನ್ನು ಕೂರಿಸುವವರು? ಮ್ಯಾನೇಜರು ಕೆಟ್ಟವನಾಗಿರಲಿಲ್ಲ, ಆ ಸಾಧು ಗಂಡನೂ ಅಲ್ಲ.

"ನಿನಗೆ ನಾಚಿಕೆ ಆದ್ರೆ ಆಗಲಿ, ಅದಕ್ಕೆ ನಾನೇನೂ ಮಾಡಕ್ಕಾಗಲ್ಲ," ಎಂದೆ. "ಆದ್ರೆ ನಾಚಿಕೆ ನಿಂದು, ಗಾಡಿ ನಂದು. ಇನ್ನೊಂದು ಸಲ ನನ್ನ ಗಾಡಿ ಮುಟ್ಟಿದ್ರೆ ಆ ಕಿಟಕಿ ಕೆಳಗೆ ನಿಂತು ನಿನ್ನ ಹೆಸರು ಹಿಡಿದು ಕೂಗ್ತೀನಿ."

ಅವನು ತಟ್ಟೆ ಬಿಟ್ಟು ಏಳಲಿಲ್ಲ. ತಣ್ಣಗಾದ ಊಟವನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟು ಮಲಗಿದ.

ಬೆಳಿಗ್ಗೆ ನಾನು ಗಾಡಿಗೆ ಬಟ್ಟೆ ಪೇರಿಸುವ ಹೊತ್ತಿಗೆ ಡ್ರಮ್ಮಕ್ಕ ಅಂಗಡಿ ತೆರೆದು ಬಾಗಿಲಲ್ಲಿ ನಿಂತಿದ್ದಳು. ಸಹಾಯಕ್ಕೆ ಬರಲಿಲ್ಲ, ಬರುವವಳೂ ಅಲ್ಲ. ತಿಂಗಳು ಮುಗಿಯಲು ಇನ್ನು ಮೂರು ದಿನ. ಈ ಮೂರು ದಿನದಲ್ಲಿ ಒಂದು ಸಲ ತಡವಾದರೂ ಏರು ನನ್ನ ಪಾಲಿಗೆ ಮುಗಿಯಿತು. ಅಷ್ಟರಲ್ಲಿ ಮಗ ಆಫೀಸಿನ ಬಿಳಿ ಅಂಗಿ ಹಾಕಿಕೊಂಡು ಬಂದ. ಸ್ಕೂಟರು ತಂದಿರಲಿಲ್ಲ. ನಾನು ತಳ್ಳುತ್ತೇನೆ, ನೀನು ಸುಮ್ಮನೆ ನಡೆದು ಬಾ ಎಂದು ಹಿಡಿಕೆಗೆ ಕೈ ಹಾಕಿದ.

ಕೈ ತೆಗೆ ಎಂದೆ. ತೆಗೆದ. ಮುಂದೆ ಹೋಗಿ ಹೊಸ ಕೊಳವೆಗೆ ನಾನೇ ಊದಿ ಕ್ಲಿಪ್ಪು ಹಾಕಿದೆ. ಟಿಕ್ ಎಂದಿತು. ರಸ್ತೆ ಬದಿಯಲ್ಲಿ ಒಂದು ಕಲ್ಲು ಬಿದ್ದಿತ್ತು, ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಅದನ್ನು ತೋರಿಸಿದೆ.

"ಅದನ್ನ ಎತ್ಕೊಂಡು ನನ್ನ ಹಿಂದೆ ಬಾ. ಗಾಡಿ ನಿಂತ್ರೆ ಚಕ್ರಕ್ಕೆ ಕೊಡು. ತಳ್ಳಬೇಡ."

ಅವನು ಎತ್ತಿಕೊಂಡ. ಹನ್ನೆರಡು ಸೆಕೆಂಡು ನಡೆದೆವು, ನಾಲ್ಕು ಸೆಕೆಂಡು ನಿಂತೆವು. ನಿನ್ನೆ ನಿಂತಿದ್ದ ಜಾಗ ದಾಟಿದೆವು. ಮೋಟಾರಿನ ಸದ್ದಿಗೆ ಏರಿನ ಕಿಟಕಿಗಳು ಒಂದೊಂದಾಗಿ ತೆರೆದವು. ದಾಖಲೆ ವಿಭಾಗದ ಕಿಟಕಿಯಲ್ಲಿ ಐದಾರು ತಲೆಗಳು ಕಂಡವು; ಮೊದಲು ನಕ್ಕವು, ಆಮೇಲೆ ಗಾಡಿಯ ಹಿಂದೆ ಬರುತ್ತಿದ್ದವನನ್ನು ಗುರುತಿಸಿ ಸುಮ್ಮನಾದವು. ಮಗನ ಅಂಗಿಗೆ ಮಣ್ಣು ಹತ್ತಿತ್ತು, ತೋಳು ನಡುಗುತ್ತಿತ್ತು. ಇಳಿಸಲೇ ಎಂದು ಅವನು ಕೇಳಲಿಲ್ಲ, ಇಳಿಸು ಎಂದು ನಾನೂ ಹೇಳಲಿಲ್ಲ. ಏಳಕ್ಕೆ ಹನ್ನೊಂದು ನಿಮಿಷ ಇರುವಾಗ ಆಸ್ಪತ್ರೆಯ ಗೇಟು ಮುಟ್ಟಿದೆವು. ಕಲ್ಲು ಒಂದು ಸಲವೂ ಬೇಕಾಗಲಿಲ್ಲ.